ಹುಬ್ಬಳ್ಳಿ ಬಿಸಿಲಿನ ಧ್ರುವಪ್ರದೇಶ

ನಮ್ಮ ಪ್ರೊಫೆಸರರು ಪಾಠ ಶುರು ಮಾಡುವ ಮೊದಲು ಎರಡೂ ಅಂಗೈ ತಿಕ್ಕಿ, ಬಾಯಿಂದ ಬಿಸಿ ಗಾಳಿ ಊದಿಕೊಳ್ಳುತ್ತಿದ್ದರು. ಹೊರಗೆ ಹುಬ್ಬಳ್ಳಿಯ ಏಪ್ರಿಲ್ ಬಿಸಿಲು. ಒಳಗೆ ಬೆವರಿಗೆ ನಮ್ಮ ವಹಿಯ ಮಸಿ ಹರಡುತ್ತಿತ್ತು. ಹಿಮಪ್ರದೇಶದ ಕಟ್ಟಡಗಳ ಬಗ್ಗೆ ವಿಲಾಯಿತಿಯಲ್ಲಿ ಓದಿ ಬಂದವರು. ಉತ್ತರ ಧ್ರುವ ಅಂದರೆ ಸಾಕು, ಅವರಿಗೆ ಖರೇನ ಥಂಡಿ ಹತ್ತುತ್ತಿತ್ತು. ಇಂಥವರ ಕೈಯಲ್ಲಿ ಎಂಜಿನಿಯರಿಂಗ್ ಕಲಿತರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಕ್ಲಾಸಿಗೊಬ್ಬಳೇ ಹುಡುಗಿ ನಾನು, ಅದೂ ಕಾನ್ವೆಂಟಿನವಳು. ಮೂಲೆಯಲ್ಲಿ ತುಟಿ ಕಚ್ಚಿ ನಗುತ್ತಿದ್ದೆ.

ಕಾಲಿನ ಮನೆ

ಒಂದು ದಿನ ಹಿಮದಲ್ಲಿ ಕಂಬಗಳ ಮೇಲೆ ನಿಂತ ಮನೆಯ ಚಿತ್ರ ಬರೆದು, ಉಪ್ಪಿನಬೆಟಗೇರಿಯ ಸಹಪಾಠಿಯನ್ನು ಎಬ್ಬಿಸಿದರು.

"ಮನಿ ಕೆಳಗ ಜಾಗಾ ಯಾಕ ಬಿಟ್ಟಾರ, ಹೇಳು?"

"ಎಮ್ಮಿ ಕಟ್ಟಾಕ್ರಿ, ಸರ್."

ಪ್ರೊಫೆಸರರು ನಗಲಿಲ್ಲ. "ಎಮ್ಮಿ ಮೈ ಬಿಸಿಗೆ ನೆಲದಾಗಿನ ಬರ್ಫ ಕರಗಿ ಮನೀನ ಕುಸೀತೈತಿ. ಬಿಸಿ ನೆಲಕ್ಕ ತಟ್ಟಬಾರದಂತ್ಲೇ ಕಾಲ ಕೊಟ್ಟದ್ದು. ಎಮ್ಮಿ ಬ್ಯಾಡ!"

"ಹಂಗಾರ ಚಾಕ್ಕ ಹಾಲು, ಸರ್?"

ಜ್ವರ

ಪ್ರೊಫೆಸರರು ಒಂದು ಪ್ರಯೋಗಕ್ಕೆ ತರಿಸಲಿದ್ದ ಬರ್ಫದ ಗಡ್ಡೆ ಕರಗದಂತೆ ಇಡಲು ದಪ್ಪ ಹೊದಿಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಅಜ್ಜಿಯನ್ನು ಕೇಳಿದೆ.

"ಅಜ್ಜಿ, ಕಾಲೇಜಿಗೆ ಒಂದು ಕೌದಿ ಬೇಕು."

"ಯಾರಿಗೆ ಥಂಡಿಜ್ವರ?"

"ಬರ್ಫಕ್ಕ ಹೊಚ್ಚಾಕ."

ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ನಿನಗ ಬಂದೈತಿ, ಯವ್ವಾ."

ಕೌದಿಯನ್ನೇನೋ ಕೊಟ್ಟಳು.

ಉಪಚಾರ

ದಿಲ್ಲಿಯಿಂದ ಒಬ್ಬ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ಕಾಲೇಜಿಗೆ ಒಂದು ಶೀತಲ ಕೋಣೆ. ಮೆಚ್ಚದಿದ್ದರೆ ನಮ್ಮ ಪ್ರೊಫೆಸರರು ಮತ್ತೆ ಗಟಾರ ಕಟ್ಟುವ ಪಾಠಕ್ಕೆ. ಬರ್ಫದ ಹಲಗೆಯ ಮೇಲೆ ಎರಡು ತಗಡಿನ ಮನೆ ಇಟ್ಟು, ಒಳಗೆ ದೀಪ ಹಚ್ಚಿ, ಕಾಲಿಲ್ಲದ್ದು ಮುಳುಗುವುದನ್ನೂ ಕಾಲಿದ್ದದ್ದು ನಿಲ್ಲುವುದನ್ನೂ ತೋರಿಸಬೇಕು. ಬೆಳಿಗ್ಗೆಯೇ ಟಾಂಗಾದಲ್ಲಿ ಬರ್ಫ ಬಂತು. ಕೌದಿ ಹೊದಿಸಿ ಪ್ರೊಫೆಸರರ ಕೋಣೆಯಲ್ಲಿಟ್ಟೆವು.

ಸಾಹೇಬರು ಬಂದಾಗ ಬಿಸಿಲಿಗೆ ಮುಖ ಕೆಂಡವಾಗಿತ್ತು. ಪ್ರಿನ್ಸಿಪಾಲರು ಕಾಲೇಜಿನ ಸಿಪಾಯಿಗೆ ಕಣ್ಸನ್ನೆ ಮಾಡಿದರು. ಥಣ್ಣನೆಯ ಲಿಂಬೆ ಶರಬತ್ತು ಬಂತು. ಸಾಹೇಬರು ಗಟಗಟ ಕುಡಿದು, ಸಾಕೆಂದು ಕೈ ಅಡ್ಡ ಹಿಡಿದರು. ಬಿಟ್ಟಾರೆಯೇ ನಮ್ಮವರು? ಎಲ್ಲರಿಗಿಂತ ಜೋರು ಪ್ರೊಫೆಸರರದೇ.

"ಇನ್ನೊಂದು ತಗೋರಿ ಸರ್! ಒಂದಕ್ಕ ಬಿಡೂ ಪದ್ಧತಿ ನಮ್ಮ ಕಡೆ ಇಲ್ಲರಿ."

ಮೂರನೆಯ ಗ್ಲಾಸನ್ನು ಅವರೇ ಸಾಹೇಬರ ಕೈಗೆ ತುರುಕಿದರು. ಆಮೇಲೆ ಏನೋ ಹೊಳೆದಂತಾಗಿ ಸಿಪಾಯಿಯ ಕಿವಿಯಲ್ಲಿ ಕೇಳಿದರು: "ಇಷ್ಟು ಬರ್ಫ ಎಲ್ಲಿಂದ ತಂದ್ಯೋ?"

"ನಿಮ್ಮ ಖೋಲ್ಯಾಗಿಂದರಿ, ಸರ್. ಕೌದಿ ಹೊಚಕೊಂಡು ಮಲಗಿತ್ತಲ್ಲರಿ."

"ಉಳಿದದ್ದು?"

"ಎಲ್ಲಾರಿಗೂ ಕೊಟ್ಟೇನ್ರಿ. ಸಾಹೇಬರ ಡ್ರೈವರಗೂ!"

ಪ್ರೊಫೆಸರರು ಮೆಲ್ಲಗೆ ಕುರ್ಚಿ ಹಿಡಿದು ಕೂತರು. ನಾನು ಸಾಹೇಬರ ಹೊಟ್ಟೆಯನ್ನೇ ನೋಡುತ್ತ ನಿಂತೆ. ಅವರು ತೃಪ್ತಿಯಿಂದ ಬಾಯೊರೆಸಿಕೊಂಡು, ಕೋಟು ಸರಿಮಾಡಿಕೊಂಡು ಎದ್ದರು. ಇಂಗ್ಲಿಷಿನಲ್ಲಿ ಬಹಳ ಅಕ್ಕರೆಯಿಂದ ಕೇಳಿದರು:

"ಪ್ರೊಫೆಸರರೇ, ನಡೆಯಿರಿ. ಇನ್ನು ನಿಮ್ಮ ಬರ್ಫ ತೋರಿಸಿ."