ನಮ್ಮತ್ತೆ ಮಾಡಿದ ಹೋವರ್‌ಕ್ರಾಫ್ಟ್

ನಮ್ಮತ್ತೆಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಸೊಸೆಯಾದವಳು ಬೇರೇನು ಹೇಳಿಯಾಳು ಎಂದು ನೀವೇ ನಗುತ್ತೀರಿ! ಆದರೆ ಯರಗುಪ್ಪಿಯ ನಮ್ಮ ಮನೆಗೆ ಫ್ರಿಜ್ ಬಂದ ದಿನ ಎಲ್ಲರೂ ಫ್ರಿಜ್ಜಿನ ಸುತ್ತ ನಿಂತರೆ, ಅದರ ಥರ್ಮಾಕೋಲನ್ನು ಎದೆಗವಚಿಕೊಂಡು ಒಳಗೆ ಒಯ್ದವರು ಅವರೊಬ್ಬರೇ. ಅಂಥವರನ್ನು ಏನೆಂದು ಕರೆಯೋಣ?

ಮೊಬೈಲಿನಲ್ಲಿ ಅವರು ಹೋವರ್‌ಕ್ರಾಫ್ಟ್ ನೋಡಿಬಿಟ್ಟಿದ್ದರು. ಕೆಳಗೆ ಗಾಳಿ ತುಂಬಿಕೊಂಡು ನೀರು, ಕೆಸರು ಯಾವುದರ ಮೇಲಾದರೂ ತೇಲಿ ಹೋಗುವ ಗಾಡಿ. ಅದರದೊಂದು ಮಾದರಿಯನ್ನು ಮನೆಯಲ್ಲೇ ಮಾಡುವ ಹಟ ಹಿಡಿದರು. ಮಳೆಗಾಲದಲ್ಲಿ ನಮ್ಮ ಹೊಲಕ್ಕೆ ಕಾಲಿಟ್ಟವರಿಗೆ ಗೊತ್ತು, ಎರೆಮಣ್ಣು ಚಪ್ಪಲಿಯನ್ನಷ್ಟೇ ಅಲ್ಲ, ಮನುಷ್ಯನನ್ನೇ ಇಟ್ಟುಕೊಳ್ಳುತ್ತದೆ.

"ಈ ಮಣ್ಣು ಕಾಲು ಹಿಡೀತದ, ಹೌದಲ್ಲ? ಮತ್ತ ಅದಕ್ಕ ಕಾಲ ಕೊಡಬಾರ್ದವಾ," ಎಂದರು ಅತ್ತೆ.

ನಾನು ರೊಟ್ಟಿ ಬಡಿಯುವುದನ್ನೇ ಬಿಟ್ಟು ಅವರ ಮುಖ ನೋಡಿದೆ. ಇಷ್ಟು ಸರಳವಾದದ್ದು ಇಡೀ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲವಲ್ಲ!

ಕೆಲವೇ ದಿನಗಳಲ್ಲಿ, ಕಡಲೆಗೆ ಔಷಧಿ ಹೊಡೆಯಲು ಹೊರಟ ಮಾವ ಅಂಗಳದಲ್ಲಿ ಗರ್ಜಿಸಿದರು: "ಪಂಪಿನ ಇಂಜಿನ್ ಎಲ್ಲಿ ಹೋತು?"

"ಅದಕ್ಕ ಬ್ಯಾರೆ ಕೆಲಸ ಹತ್ತೇತ್ರಿ," ಎಂದರು ಅತ್ತೆ. ಆ ಪೆಟ್ರೋಲ್ ಇಂಜಿನ್ ಕರೆಂಟು ಹುಟ್ಟಿಸಬೇಕು. ಕರೆಂಟು ಬ್ಯಾಟರಿ ತುಂಬಿ ಫ್ಯಾನು ತಿರುಗಿಸಬೇಕು. ಇಂಜಿನ್ ನಿಂತರೂ ಬ್ಯಾಟರಿ ಕೈ ಹಿಡಿಯಬೇಕು. ಗಾಡಿಯನ್ನು ಎತ್ತಲು ಒಂದು ಫ್ಯಾನು, ಮುಂದೆ ತಳ್ಳಲು ಇನ್ನೊಂದು.

"ಹಂಗಾದ್ರ ಈ ಮನ್ಯಾಗ ನಾ ಯಾವ್ದು? ಇಂಜಿನ್ನೋ, ಬ್ಯಾಟರಿಯೋ?" ಎಂದರು ಮಾವ.

"ಸಪ್ಪಳ ಮಾಡಾವ್ರು ನೀವ ಅಲ್ರಿ?"

ಗಾಳಿ ಸೋರದಂತೆ ಗಾಡಿಯ ಸುತ್ತ ಬಟ್ಟೆಯ ಲಂಗ ಬೇಕಂತೆ. ಮನೆಯ ಕೊಡೆಗಳೆಲ್ಲ ಬಟ್ಟೆ ಬಿಚ್ಚಿಕೊಟ್ಟು ಬರೀ ಕಡ್ಡಿಯಾಗಿ ಮೂಲೆ ಸೇರಿದವು. ಅತ್ತೆಯ ಹೊಲಿಗೆ ಎಂಥದ್ದೆಂದರೆ, ನನ್ನ ಜಂಪರು ಕೂಡ ನನಗೆ ಅಷ್ಟು ಚೆಂದ ಕೂತಿಲ್ಲ!

ಮೊದಲ ಪರೀಕ್ಷೆ ಅಂಗಳದಲ್ಲಿ. ಪಕ್ಕದಲ್ಲೇ ಮೆಣಸಿನಕಾಯಿ ಒಣಗುತ್ತಿದ್ದುದು ಯಾರ ತಲೆಗೂ ಬಂದಿರಲಿಲ್ಲ. ಫ್ಯಾನು ತಿರುಗಿತು. ಗಾಡಿ ಏಳಲಿಲ್ಲ, ಘಾಟು ಎದ್ದಿತು! ಇಡೀ ಓಣಿ ಸೀನಿತು. ಎಮ್ಮೆ ಸೀನಿತು. ಜಗಳಕ್ಕೆಂದು ಬಂದ ಎದುರು ಮನೆಯ ರಜಿಯಾ ಕಾಕಿ ಮಾತೇ ಆಡಲಾಗದೆ ಸೀನುತ್ತ ವಾಪಸು ಹೋದರು. ಅತ್ತೆ ಮಾತ್ರ ಕಣ್ಣೊರೆಸಿಕೊಂಡು, "ಗಾಳಿ ಜೋರೈತಿ. ತೂಕ ಇಳಸಬೇಕು," ಎಂದರು.

ಇಳಿಸಿದರು. ಬಿಚ್ಚಿದರು, ಕಟ್ಟಿದರು, ಬೆರಳು ಸುಟ್ಟುಕೊಂಡರು, ನನ್ನ ಮಗನ ಆಟಿಕೆ ಕಾರಿನ ರಿಮೋಟನ್ನೂ ಕಸಿದುಕೊಂಡರು. ಮುಂಗಾರು ಹಿಡಿದಾಗ ಮಲಗುವ ಸಣ್ಣ ಹೊರಸಿನಷ್ಟು ಅಗಲದ ಥರ್ಮಾಕೋಲಿನ ಗಾಡಿ ನಮ್ಮ ಹೊಲದ ಬದುವಿನ ಮೇಲೆ ಕೂತಿತ್ತು. ಮುಂದೆ ಕರಿ ಕೆಸರು. ಹಿಂದೆ, ನಗಲು ಸಿದ್ಧವಾಗಿ ನಿಂತ ಅರ್ಧ ಊರು.

ಅತ್ತೆ ಗುಂಡಿ ಒತ್ತಿದರು. ಲಂಗ ಉಬ್ಬಿತು. ಗಾಡಿ ಎದ್ದಿತು! ಎದ್ದು, ಎತ್ತಿನ ಕಾಲೇ ಹೂತುಹೋಗುವ ಆ ಕೆಸರಿನ ಮೇಲೆ ಜಾರುತ್ತ ಹೋಯಿತು. ನಡುವೆ ಪೆಟ್ರೋಲ್ ತೀರಿ ಇಂಜಿನ್ ಸುಮ್ಮನಾಯಿತು, ಗಾಡಿ ನಿಲ್ಲಲಿಲ್ಲ! ಬ್ಯಾಟರಿಯ ಬಲದಲ್ಲಿ ಮೆಲ್ಲಗೆ ಗುಂಯ್‌ಗುಡುತ್ತ ಹೊರಟೇ ಇತ್ತು. ನಗಲು ತೆರೆದ ಬಾಯಿಗಳು ತೆರೆದೇ ಉಳಿದವು.

"ಯಾ ಅಲ್ಲಾ, ಇಕಿ ಮಾಡೇ ಬಿಟ್ಳು!" ಎಂದರು ರಜಿಯಾ ಕಾಕಿ.

ಆಮೇಲೆ ಬ್ಯಾಟರಿಯೂ ಮುಗಿಯಿತು. ಗಾಡಿ ಕೆಸರಿನ ನಟ್ಟನಡುವೆ ಕೂತುಬಿಟ್ಟಿತು. ತರುವವರು ಯಾರು? ಅತ್ತೆಯ ಮುಖ ಸಣ್ಣದಾಯಿತು.

ಮಾವ ಧೋತರ ಎತ್ತಿ ಕಟ್ಟಿ ಕೆಸರಿಗಿಳಿದರು. ಮೊಣಕಾಲಮಟ ಹೂತು, ಕಾಲು ಕಿತ್ತು, ಮತ್ತೆ ಹೂತು, ಗಾಡಿಯನ್ನು ತಲೆಯ ಮೇಲೆ ಹೊತ್ತು ತಂದರು. ಈಗೇನನ್ನುತ್ತಾರೋ ಎಂದು ಎಲ್ಲರೂ ಅವರ ಬಾಯಿಯನ್ನೇ ನೋಡಿದೆವು.

"ಪೆಟ್ರೋಲ್ ಹಾಕು," ಎಂದರು. "ಆ ಕಡೆ ಬದುವಿನ ಮ್ಯಾಲ ನಾ ಇರ್ತೇನಿ. ನನ್ನ ಕಡೆ ಬಿಡು."

ಮತ್ತೆ ಕೆಸರು ತುಳಿದು ಆಚೆ ಸೇರಿ, ಹೆಜ್ಜೆ ಕಲಿಯುವ ಕೂಸನ್ನು ಕರೆಯುವಂತೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದರು. ಅತ್ತೆ ರಿಮೋಟು ಹಿಡಿದು ನಿಂತೇ ಇದ್ದರು. ಕಣ್ಣು ಮಂಜಾಗಿ ಗುಂಡಿಯೇ ಕಾಣುತ್ತಿರಲಿಲ್ಲ.

"ಬಿಡ ಇನ್ನ!" ಆಚೆಯಿಂದ ಮಾವ ಕೂಗಿದರು. "ನಾ ಹಿಡೀತೇನಿ!"