ಮಾಸ್ಟ್ರ ಕೆಂಪು ಪೆನ್ಸಿಲ್

ಗುರುಗಳು ತೀರಿಕೊಂಡಾಗ ಎಲ್ಲರಂತೆ ನಾನೂ ಅತ್ತಿದ್ದೇನೆ, ಚೆನ್ನಾಗಿಯೇ ಅತ್ತಿದ್ದೇನೆ. ಆದರೆ ಮುಖ ತೊಳೆದುಕೊಂಡು ಬಂದ ಮೇಲೆ ಮನಸ್ಸಿಗೆ ಬಂದ ಮೊದಲ ಯೋಚನೆ ಮಾತ್ರ ಹೊರಗೆ ಹೇಳುವಂಥದ್ದಲ್ಲ. ಇನ್ನು ನಾನು ಬರೆದದ್ದನ್ನು ಹೊಡೆದು ಹಾಕುವವರು ಯಾರೂ ಇಲ್ಲ! ನಮ್ಮ ಗ್ರೆಗರಿ ಮಾಸ್ಟ್ರು ಕೊಟ್ಟಾರದ ತಮ್ಮ ಮನೆಯಲ್ಲಿ ವಯೊಲಿನ್ ಕಲಿಸುತ್ತಿದ್ದರು. ಇಗರ್ಜಿಯಲ್ಲಿ ಹಾಡಲು ಅವರು ಹಾಕಿಕೊಟ್ಟ ರಾಗಗಳನ್ನು ಗುನುಗದ ಕೊಂಕಣಿ ಮನೆ ನಮ್ಮ ಕಡೆ ಇಲ್ಲ. ಹದಿನೈದರ ಪ್ರಾಯದಲ್ಲಿ ನಾನೂ ಆರು ಪುಟದ ಸಂಗೀತ ಕೃತಿಯೊಂದನ್ನು ಬರೆದು ಅವರ ಮುಂದಿಟ್ಟೆ. ಅವರು ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ಸಿಲ್ ತೆಗೆದು, ನಡುವಿನ ಒಂದೇ ಒಂದು ಸಾಲು ಬಿಟ್ಟು ಮಿಕ್ಕದ್ದಕ್ಕೆಲ್ಲ ಗೀಟು ಹೊಡೆದರು. "ಇದು ಇರ್ಲಿ. ಬೇರೆ ಎಲ್ಲ ನಿನಗೆ ಬರ್ತದೆ ಅಂತ ತೋರಿಸ್ಲಿಕ್ಕೆ ಬರೆದದ್ದು ಮಾರಾಯ" ಎಂದರು. ಮೂವತ್ತು ವರ್ಷವಾದರೂ ಆ ಗೀಟಿನ ಉರಿ ಆರಿರಲಿಲ್ಲ.

ಹಾಗಾಗಿ ಮಾಸ್ಟ್ರ ವರ್ಷದ ಪೂಜೆಗೆ, ನಾಲ್ಕೇ ಜನ ಕೂತು ನುಡಿಸುವಂಥ ಒಂದು ಸ್ಮರಣೆಯ ಕೃತಿ ಬರೆಯುತ್ತೇನೆಂದು ಘೋಷಿಸಿದೆ. ಇಗರ್ಜಿಯ ಪಾದ್ರಿಗಳು ಪೂಜೆಯ ಕೊನೆಯಲ್ಲಿ ಐದು ನಿಮಿಷ ಕೊಟ್ಟರು. ದುಃಖಕ್ಕೆಲ್ಲಿಯ ಗಡಿಯಾರ ಎಂದುಕೊಂಡು ನಾನು ಇಪ್ಪತ್ತೆರಡು ನಿಮಿಷದ್ದು ಬರೆದೆ. ಮೊದಲ ಪುಟದ ನೆತ್ತಿಯಲ್ಲಿ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ, ಮಾಸ್ಟ್ರ ಹೆಸರನ್ನು ಅದರ ಕೆಳಗೆ ಜಾಗ ಉಳಿದಷ್ಟರಲ್ಲಿ ಬರೆದದ್ದೂ ಹೌದು. ನನ್ನದೂ ಸೇರಿ ಎರಡು ವಯೊಲಿನ್, ಮಂದ್ರಕ್ಕೆ ಒಂದು ಚೆಲ್ಲೊ ಸಿಕ್ಕವು. ವಯೊಲಿನ್ನಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವವರು ಎಷ್ಟು ಹುಡುಕಿದರೂ ಸಿಗದೆ, ಬೈಕಂಪಾಡಿಯ ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವ, ಬಿಡುವಿನಲ್ಲಿ ಮದುವೆಗಳಿಗೆ ಸ್ಯಾಕ್ಸೊಫೋನ್ ನುಡಿಸುವ ಸುಧಾಕರನನ್ನು ಹಿಡಿದೆ. ಕಾಗದ ನೋಡಿ ಅವನು, "ಇದ್ರಲ್ಲಿ ನನಗೆ ಕೆಲಸ ಎಂತದೂ ಇಲ್ವಲ್ಲ! ಬರೀ ಉದ್ದ ಉದ್ದ ಊದ್ಲಿಕ್ಕೆ ಉಂಟು" ಎಂದ. "ನೀನು ಹಿನ್ನೆಲೆ ಮಾರಾಯ, ಗಂಭೀರವಾಗಿರು" ಎಂದೆ. ಮುನ್ನೆಲೆಯಲ್ಲಿ ಯಾರೆಂದು ಬೇರೆ ಹೇಳಬೇಕೆ?

ಅಭ್ಯಾಸ ನಡೆದದ್ದು ಮಾಸ್ಟ್ರ ಮನೆಯಲ್ಲೇ. ಅವರ ಹೆಂಡತಿ ಲಿಲ್ಲಿ ಆಂಟಿ ಮೊದಲಿನಿಂದ ಕೊನೆಯವರೆಗೆ ಕೈಕಟ್ಟಿ ಕೂತು ಕೇಳಿದರು. ನಾನು ಬೆವರೊರೆಸಿಕೊಂಡು ಹೊಗಳಿಕೆಗೆ ಸಿದ್ಧನಾದೆ. ಸುಧಾಕರನ ಎದುರು ಕೊಂಕಣಿ ಬೇಡವೆಂದೋ ಏನೋ, ಆಂಟಿ ಕನ್ನಡದಲ್ಲೇ ಕೇಳಿದರು: "ಎಲ್ಲ ಚಂದ ಉಂಟು ಮಗಾ. ಆದ್ರೆ ಅವ್ರು ಎಲ್ಲಿ ಬರ್ತಾರೆ?"

"ಇಡೀ ಕೃತಿಯೇ ಅವರಲ್ವಾ ಆಂಟಿ!"

"ಇಲ್ಲಪ್ಪ. ಇದ್ರಲ್ಲಿ ಎಲ್ಲ ಕಡೆ ನೀನೇ ಕೂತಿದ್ದೀ, ಅವ್ರಿಗೊಂದು ಕುರ್ಚಿ ಸಹ ಇಲ್ಲ." ಕಟ್ಟಿದ್ದ ಕೈ ಬಿಡಿಸಿ, "ಒಂದು ವರ್ಷದಿಂದ ಈ ಮನೆಯಲ್ಲಿ ಒಂದು ಸ್ವರ ಇಲ್ಲ. ಇವತ್ತು ಅವ್ರನ್ನು ಕೇಳ್ತೇನೆ ಅಂತ ಕೂತಿದ್ದೆ" ಎಂದರು. ಆಮೇಲೆ ಒಳಗೆ ಹೋಗಿ ಮಾಸ್ಟ್ರ ಕೆಂಪು ಪೆನ್ಸಿಲನ್ನೇ ತಂದು ನನ್ನ ಕೈಗಿಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಲ್ಲೇ ಕೂತು ಗೀಟು ಹೊಡೆದೆ. ನನ್ನ ಬೆರಳುಗಳ ಸರ್ಕಸ್ಸು ಹೋಯಿತು, ಅಳುವಿನ ಮೇಲೆ ಅಳು ಪೇರಿಸಿದ್ದು ಹೋಯಿತು. ಉಳಿದದ್ದು ನಾಲ್ಕು ನಿಮಿಷ. ಸುಧಾಕರನ ಉದ್ದ ಉದ್ದ ಸ್ವರಗಳಲ್ಲಿ ಮಾತ್ರ ಒಂದನ್ನೂ ತೆಗೆಯಲು ಸಿಗಲಿಲ್ಲ. ಅವನು ಅದನ್ನು ನೋಡಿ ನಕ್ಕ, ಅದು ಇನ್ನೂ ಕಷ್ಟವಾಯಿತು.

ಪೂಜೆಯ ದಿನ ಅಷ್ಟನ್ನೇ ನುಡಿಸಿದೆವು. ಆಂಟಿ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಹೊರಗೆ ಮೆಟ್ಟಿಲ ಬಳಿ ಇಗರ್ಜಿಯ ಹಳೆಯ ಗಾಯಕರೊಬ್ಬರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಮಾಸ್ಟ್ರ ರಾಗ ಅಲ್ವಾ? ಕೇಳಿದ ಕೂಡ್ಲೆ ಗೊತ್ತಾಯ್ತು. ಇದನ್ನು ಎಲ್ಲಿ ಅಡಗಿಸಿ ಇಟ್ಟಿದ್ರು?" ಸುಧಾಕರ, "ಅಯ್ಯೋ ಅದು ಇವರೇ..." ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅವನ ಕಾಲು ತುಳಿದೆ. "ಹೌದು, ಮಾಸ್ಟ್ರದ್ದೇ" ಎಂದೆ. ಜೀವಮಾನದಲ್ಲಿ ಅಷ್ಟು ದೊಡ್ಡವನು ನಾನು ಯಾವತ್ತೂ ಆಗಿರಲಿಲ್ಲ.

ಆ ದೊಡ್ಡತನ ಶಕ್ತಿನಗರದ ನನ್ನ ಮನೆ ಮುಟ್ಟುವವರೆಗೆ ಸರಿಯಾಗಿತ್ತು. ಪೆನ್ಸಿಲ್ ಇನ್ನೂ ನನ್ನ ಹತ್ತಿರವೇ ಇದೆ, ಆಂಟಿ ವಾಪಸು ಕೇಳಲಿಲ್ಲ. ಮೊದಲ ಪುಟದ ನೆತ್ತಿಯಲ್ಲಿ ಆ ದಪ್ಪ ಅಕ್ಷರದ ಹೆಸರೂ ಹಾಗೇ ಇದೆ. ಅದರ ಮೇಲೊಂದು ಗೀಟು ಎಳೆಯೋಣವೆಂದು ದಿನಾ ಕೂರುತ್ತೇನೆ, ಎಳೆಯುವ ಮೊದಲು ದಿನಾ ಪೆನ್ಸಿಲ್ ಹೆರೆಯುತ್ತೇನೆ. ಈಗ ಪೆನ್ಸಿಲ್ ಕಿರುಬೆರಳಿನಷ್ಟಾಗಿದೆ, ಹೆಸರು ಮಾತ್ರ ಇದ್ದಷ್ಟೇ ದಪ್ಪಗಿದೆ.