ಪಾದರಸ ಏರುವ ಮೊದಲು

ಕೆಲಸ ಚೆನ್ನಾಗಿ ಬಲ್ಲವನಷ್ಟು ಮನೆಯವರಿಗೆ ಅಪಾಯಕಾರಿಯಾದ ಪ್ರಾಣಿ ಇನ್ನೊಂದಿಲ್ಲ. ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಮೊದಲು ಒತ್ತಡ ತೋರಿಸುವ ಮುಳ್ಳು ಏರಬೇಕು, ಆಮೇಲೆ ಕೆಲಸ ಶುರುವಾಗಬೇಕು. ಜಗತ್ತಿನ ಸಕಲ ವ್ಯವಹಾರಕ್ಕೂ ಇದೇ ನಿಯಮ ಎಂದು ನಂಬಿದ್ದೆ. ಸಂಸಾರವೂ ಅದರಲ್ಲಿ ಸೇರಿತ್ತು.

ಮದುವೆಯಾಗಿ ಕೆಲವು ವರ್ಷ ಕಳೆದರೂ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ತೊಟ್ಟಿಲು ಅಟ್ಟದಿಂದ ಇಳಿಯಲಿಲ್ಲ. ನೆಂಟರು ಪಂಕ್ತಿಯಲ್ಲಿ ಕೂತು 'ಏನಾರ ವಿಶೇಷ ಐತೇನು?' ಎಂದರೆ, ನನ್ನ ಹೆಂಡತಿ ಗಿರಿಜೆ ಸಾರು ತರಲು ಒಳಹೋದವಳು ಬೇಗ ಹೊರಗೆ ಬರುತ್ತಿರಲಿಲ್ಲ. ಅವ್ವನ ಹರಕೆಗಳ ಸರದಿ ಮುಗಿದ ಮೇಲೆ ಲೇಡಿ ಡಾಕ್ಟರರ ಸರದಿ ಬಂತು. ಅವರು ಇಬ್ಬರನ್ನೂ ಪರೀಕ್ಷಿಸಿ, ದೋಷವೇನಿಲ್ಲ, ಗರ್ಭ ನಿಲ್ಲುವ ದಿನಗಳನ್ನು ಗುರುತಿಸಬೇಕಷ್ಟೆ ಎಂದರು. ದೇಹವೇ ಗುರುತು ಕೊಡುತ್ತದಂತೆ. ಬೆಳಿಗ್ಗೆ ಏಳುವ ಮುಂಚೆ ನಾಲಿಗೆಯಡಿ ಥರ್ಮಾಮೀಟರ್ ಇಟ್ಟರೆ, ತಿಂಗಳ ನಡುವೆ ಪಾದರಸ ಕೊಂಚ ಏರುವುದು ಒಂದು ಗುರುತು. ಒಳಗಿನ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ಆಗುವುದು ಇನ್ನೊಂದು. ನಾವಿಬ್ಬರೂ ಗಂಭೀರವಾಗಿ ತಲೆಯಾಡಿಸಿದೆವು. ನಮ್ಮದು ಲಿಂಗ ಕಟ್ಟಿದ ಮನೆತನ. ಮೊಟ್ಟೆಯ ಒಳಗೆ ಏನಿರುತ್ತದೆಂದು ಇಬ್ಬರೂ ಕಂಡವರಲ್ಲ. ಅಷ್ಟು ಓದಿದವರ ಮುಂದೆ ಅದನ್ನು ಹೇಳಿಕೊಳ್ಳುವುದು ಹೇಗೆ? ತಿಳಿದ ಗುರುತೊಂದೇ ಸಾಕೆಂದು ಥರ್ಮಾಮೀಟರ್ ಕೊಂಡು ತಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಗಿರಿಜೆ ಕಣ್ಣು ಬಿಡುವುದರೊಳಗೆ ನಾನು ಟಾರ್ಚು ಹಿಡಿದು ಸಿದ್ಧ. ಆಕೆ ಬಾಯಿ ತೆರೆಯುವಂತಿಲ್ಲವಾದ್ದರಿಂದ ನಾನೇ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದೆ. ಪಾದರಸ ಏರಿತೋ, ಶಿಫ್ಟು ಬದಲಾಯಿಸಿಕೊಂಡು ರಾತ್ರಿಗೆ ಮನೆಯಲ್ಲಿ ಹಾಜರು. ಹೀಗೆ ಎಷ್ಟೋ ತಿಂಗಳು ಶಿಸ್ತಿನಿಂದ ನಡೆದು ಫಲ ಮಾತ್ರ ಸೊನ್ನೆಯಾಯಿತು. ಒಂದು ಬೆಳಿಗ್ಗೆ ಗಿರಿಜೆ ಥರ್ಮಾಮೀಟರನ್ನು ದೂರ ಸರಿಸಿ ಗೋಡೆಯ ಕಡೆ ಹೊರಳಿದಳು. 'ನನಗಿನ್ನ ಸಾಕಾಗೈತ್ರಿ' ಅಂದಳು. ನಾನು ನಾಲ್ಕು ಒಳ್ಳೆಯ ಮಾತುಗಳನ್ನು ಅಲ್ಲಿಗೇ ಬಿಟ್ಟು ಟಾರ್ಚು ಆರಿಸಿದೆ.

ಆ ಮಧ್ಯಾಹ್ನ ಅವಳು ಪಕ್ಕದ ಮನೆಯ ಫಾತಿಮಾಬೀ ಹತ್ತಿರ ಹೋದದ್ದು ನನಗೆ ಗೊತ್ತಾದದ್ದು ಆಮೇಲೆ. ಹಾಸಿಗೆ ಹೊಲಿಯುವವರ ಮನೆ ಅದು. ಆಕೆ ಒಂದು ಮೊಟ್ಟೆಯನ್ನು ಬಸಿಯಲ್ಲಿ ಒಡೆದು, ಬಿಳಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ತೋರಿಸಿದಳಂತೆ. 'ನೋಡವ್ವಾ, ಹಿಂಗೆ ದಾರದಂಗೆ ಬರ್ತೈತಲ್ಲ, ಅದೇ. ಮುಟ್ಟಿದ್ರೆ ಏನಾಗಲ್ಲ, ಹೋಗಿ ತಲಿಗೆ ನೀರು ಹಾಕ್ಕೊ.' ಗಿರಿಜೆ ಮುಟ್ಟಿ ನೋಡಿ ಬೆಪ್ಪಾದಳು. ಇದನ್ನು ಅವಳು ಪ್ರತಿ ತಿಂಗಳೂ, ಪಾದರಸ ಏರುವ ಒಂದೆರಡು ದಿನ ಮೊದಲೇ ಕಂಡಿದ್ದಳು. ಏನೋ ಉಷ್ಣ ಇರಬೇಕೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದಳು.

ಸಂಜೆ ಒದ್ದೆ ಕೂದಲಲ್ಲೇ ನನ್ನೆದುರು ಬಂದು ಕೂತಳು. 'ನಿಮ್ಮ ಪಾದರಸ ಏರೋ ಹೊತ್ತಿಗೆ ಎಲ್ಲಾ ಮುಗ್ದಿರ್ತೈತ್ರಿ. ಬಸ್ಸು ಹೋದ್ಮ್ಯಾಲೆ ಸ್ಟ್ಯಾಂಡಿಗೆ ಓಡಿದಂಗಾಗೈತೆ ನಮ್ದು.' ನಾನು ಒಪ್ಪಲಿಲ್ಲ. ಬಾಯ್ಲರ್ ಬಲ್ಲವನು ಅಷ್ಟು ಸುಲಭಕ್ಕೆ ಒಪ್ಪಬಾರದು. ಡಾಕ್ಟರರನ್ನೇ ಕೇಳಿದಾಗ, ಪಾದರಸ ಏರುವುದು ಅಂಡ ಹೊರಬಿದ್ದ ಮೇಲೆ, ಸಕಾಲ ಅದಕ್ಕೆ ಮುಂಚಿನ ಜಾರುವ ಒದ್ದೆಯ ದಿನಗಳು ಎಂದು ವಿವರಿಸಿ, ಅಂದು ಇದನ್ನೆಲ್ಲ ಹೇಳಿದಾಗ ತಲೆಯಾಡಿಸಿದವರು ನೀವೇ ಅಲ್ಲವೇ ಎಂದು ಕನ್ನಡಕದ ಮೇಲಿನಿಂದ ನೋಡಿದರು. ನಾನು ಮತ್ತೆ ತಲೆಯಾಡಿಸಿದೆ.

ಅಲ್ಲಿಗೆ ಅಧಿಕಾರ ಹಸ್ತಾಂತರವಾಯಿತು; ಬೆಳಗಿನ ಥರ್ಮಾಮೀಟರ್ ನನ್ನ ಸಮಾಧಾನಕ್ಕೆ ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹರಿಹರದ ಬಸ್ಸಿಗೆ ಹೊರಟಿದ್ದೆ. ಬಚ್ಚಲಿಂದ ಬಂದ ಗಿರಿಜೆ ನೆಲ ನೋಡುತ್ತ, 'ಇವತ್ತು ಡ್ಯೂಟಿ ಬ್ಯಾಡ್ರಿ' ಅಂದಳು. ಮರುದಿನ ಫೋರ್‌ಮನ್ ಕಾರಣ ಕೇಳಿದಾಗ ಮನೆಯಲ್ಲಿ ದೇವರ ಕಾರ್ಯವಿತ್ತು ಎಂದೆ. ಅದರಲ್ಲಿ ಸುಳ್ಳಿನ ಅಂಶ ಬಹಳ ಕಡಿಮೆ.

ಆ ತಿಂಗಳು ಪಾದರಸ ಎಂದಿನಂತೆ ಏರಿತು. ಆದರೆ ಎಂದಿನಂತೆ ಇಳಿಯಲಿಲ್ಲ. ಮುಟ್ಟಿನ ದಿನ ದಾಟಿದರೂ ಮೇಲೆಯೇ ಕೂತಿತ್ತು. ನಾನು ಕೂಲಂಕಷವಾಗಿ ಆಲೋಚಿಸಿ, ಯಂತ್ರ ಕೆಟ್ಟಿದೆ ಎಂಬ ನಿರ್ಣಯಕ್ಕೆ ಬಂದು ಹೊಸದೊಂದು ಕೊಂಡು ತಂದೆ. ಅದೂ ಇಳಿಯಲಿಲ್ಲ. ಈಗಿನ ಮಾಲುಗಳ ಬಗ್ಗೆ ನಾಲ್ಕು ಮಾತಾಡಿ, ಅಂಗಡಿಯವನನ್ನು ತರಾಟೆಗೆ ತೆಗೆದುಕೊಳ್ಳಲು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಿಗೆ ಒರಗಿದ್ದ ಗಿರಿಜೆಯ ಕಣ್ಣಲ್ಲಿ ನೀರಿತ್ತು, ಸೆರಗಿನೊಳಗೆ ನಗುವಿತ್ತು.

'ಅಂಗಡಿಗೆ ಆಮ್ಯಾಲೆ ಹೋಗೀರಂತೆ. ಮೊದ್ಲು ಅತ್ತೀನ ಕರೀರಿ.'

ಹಾಗಾದರೆ ಇದು ಜ್ವರವೇ, ಅವ್ವನಿಗೂ ಬಂದಿದೆಯೇ ಎಂದು ನಾನು ಕೇಳಿದೆನಂತೆ.